ಪಿಳ್ಳಪ್ಪನ ಮೈಮೇಲೆ ಇನ್ನೊಬ್ಬನ ಅಂಗಿ

ಸತ್ತವರ ಮುಖವನ್ನು ಕರಿಕಲ್ಲಿನ ಮೇಲೆ ಮೂಡಿಸಿಕೊಡುವುದು ನನ್ನ ವ್ಯಾಪಾರ. ದೇವನಹಳ್ಳಿ ದಾಟಿ ಆವತಿ ಕಡೆಗೆ ಹೊರಟರೆ ಎಡಗಡೆಗೆ ಅಂಗಡಿ. ಮುಂದುಗಡೆ ಎರಡು ನಂದಿ, ಒಂದು ತುಳಸಿಕಟ್ಟೆ, ಯಾರೋ ಅಡ್ವಾನ್ಸ್ ಕೊಟ್ಟು ಮರೆತುಹೋದ ಒಂದು ನಾಗರಕಲ್ಲು. ಮೊದಲೆಲ್ಲ ಗಿರಾಕಿ ಖುದ್ದಾಗಿ ಬರುತ್ತಿದ್ದ. ಜೇಬಿನಿಂದ ಫೋಟೋ ತೆಗೆಯುವ ಮುಂಚೆ ಅಪ್ಪನ ಕಥೆ ತೆಗೆಯುತ್ತಿದ್ದ. ನಾನು ಕಿವಿಯನ್ನು ಕಥೆಗೆ ಕೊಟ್ಟು, ಕಣ್ಣನ್ನು ಅವನ ಚಪ್ಪಲಿಗೆ ಕೊಟ್ಟು, ಮನಸ್ಸಿನಲ್ಲೇ ರೇಟು ಕಟ್ಟುತ್ತಿದ್ದೆ. ಕಥೆ ಚೆನ್ನಾಗಿದ್ದರೆ ಟೀ ತರಿಸುತ್ತಿದ್ದೆ.

ಆಮೇಲೆ ವಾಟ್ಸಾಪ್ ಬಂತು. ಸತ್ತವರ ಫೋಟೋ, ಬದುಕಿರುವವರ ಗುಡ್ ಮಾರ್ನಿಂಗ್ ಗುಲಾಬಿ, ಎರಡೂ ಒಂದೇ ಫೋನಿಗೆ ಬಂದು ಬೀಳತೊಡಗಿದವು. ಯಾರ ಅಜ್ಜಿ, ಯಾರ ಮಾವ ಎಂದು ಬೇರ್ಪಡಿಸಲಾಗದೆ ಅಂಗಡಿಯ ಕಂಪ್ಯೂಟರ್ ನೋಡಿಕೊಳ್ಳುವ ಪ್ರಮೋದಾ ತಲೆ ಚಚ್ಚಿಕೊಂಡಳು.

"ಅಣ್ಣ, ನಮ್ಮ ವೆಬ್‌ಸೈಟಲ್ಲೇ ಫೋಟೋ ಅಪ್‌ಲೋಡ್ ಮಾಡೋ ಹಾಗೆ ಮಾಡಿಸ್ಬಿಡಿ. ಹೆಸರು, ಊರು, ಫೋಟೋ ಎಲ್ಲಾ ಒಂದೇ ಕಡೆ ಇರುತ್ತೆ."

ದಾಬಸ್‌ಪೇಟೆಯ ಫ್ಯಾಕ್ಟರಿಗಳಿಗೆ ವೆಬ್‌ಸೈಟು ಮಾಡಿಕೊಡುವ ಅಂಜನ್ ಎಂಬುವವನನ್ನು ಕರೆಸಿದೆ. ಅವನು ಲ್ಯಾಪ್‌ಟಾಪ್ ಬಿಚ್ಚಿ ಕೇಳಿದ:

"ಯಾವ ಥರ ಫೈಲ್ ಬರುತ್ತೆ ಅಣ್ಣ?"

"ಸತ್ತೋರದ್ದು ಕಣಯ್ಯ."

"ಅದಲ್ಲ ಅಣ್ಣ. ಜೆಪಿಜಿನಾ, ಪಿಡಿಎಫ್ಫಾ? ಎಷ್ಟು ದೊಡ್ಡದಿರುತ್ತೆ?"

"ಮನುಷ್ಯನ ಮುಖ ಎಷ್ಟು ದೊಡ್ಡದಿರುತ್ತೋ ಅಷ್ಟು."

ಹೇಗೋ ಮಾಡಿಕೊಟ್ಟ. ಗಿರಾಕಿ ಮನೆಯಲ್ಲೇ ಕೂತು ಫೋಟೋ ಏರಿಸಬೇಕು, ಕಲ್ಲಿನ ಮೇಲೆ ಬರಬೇಕಾದ ನಾಲ್ಕು ಸಾಲು ಬರೆಯಬೇಕು, ಕಲ್ಲು ಹೇಗೆ ಕಾಣುತ್ತದೆಂದು ಪರದೆಯ ಮೇಲೆ ನೋಡಬೇಕು, 'ಒಪ್ಪಿಗೆ' ಅನ್ನುವ ಹಸಿರು ಗುಂಡಿ ಒತ್ತಬೇಕು. ಅಷ್ಟಾದ ಮೇಲೆ ಆ ಫೈಲು ನಮ್ಮ ಕೆತ್ತುವ ಮೆಷೀನಿಗೆ ಹೋಗುತ್ತದೆ. ಒಪ್ಪಿಗೆ ಕೊಟ್ಟ ಮೇಲೆ ಬದಲಾವಣೆ ಇಲ್ಲ ಎಂದು ನಾನೇ ನಿಯಮ ಹಾಕಿದೆ.

ಬಾಗಿಲು ತೆಗೆದದ್ದೇ ತಡ, ಜನ ಏನೇನು ಸುರಿದರು ಅಂತೀರಿ! ಆಸ್ಪತ್ರೆಯ ಹಾಸಿಗೆಯಲ್ಲಿ ಮೂಗಿಗೆ ನಳಿಗೆ ಸಿಕ್ಕಿಸಿಕೊಂಡ ತಾಯಿ. 'ನಳಿಗೆ ತೆಗೆದು ಮೂಗುತಿ ಹಾಕಿ' ಅಂತ ಕೆಳಗೆ ಒಂದು ಸಾಲು. ಐಸ್ ಪೆಟ್ಟಿಗೆಯೊಳಗೆ ಮಲಗಿದ್ದ ಅಜ್ಜನ ಮುಖ. ಗಾಜಿನ ಮೇಲೆ ಫೋಟೋ ತೆಗೆದವನ ಮುಖವೂ ಮೂಡಿ, ಅವನು ಮೊಬೈಲು ಹಿಡಿದು ಒಂದು ಕಣ್ಣು ಮುಚ್ಚಿದ್ದಾನೆ. ನಲವತ್ತು ಜನರ ಮದುವೆ ಗುಂಪು, 'ಹಿಂದಿನಿಂದ ಮೂರನೇ ಸಾಲು, ಪಿಲ್ಲರ್ ಮರೆಯಲ್ಲಿ ಇರುವವರು.' ಒಬ್ಬ ಮಹಾನುಭಾವ ಮಾವನ ಫೋಟೋ ಬದಲು ಪಹಣಿ ಏರಿಸಿದ್ದ. ಕೇಳಿದರೆ, "ಅವರ ನೆನಪಿಗೆ ನಮ್ಮ ಹತ್ರ ಇರೋದು ಅದೊಂದೇ ಅಣ್ಣ." ಥೂ ಅನಿಸಿತು. ಹುಟ್ಟಿದ ಮೇಲೆ ಒಂದು ಸಲವಾದರೂ ಈ ಮನುಷ್ಯನನ್ನು ನೆಟ್ಟಗೆ ನಿಲ್ಲಿಸಿ ಒಂದು ಫೋಟೋ ತೆಗೆಯಲಿಲ್ಲವೇ ಇವರು? ತಿಂದ ದೋಸೆಯ ಫೋಟೋ ಇರುತ್ತದೆ, ಹೆತ್ತವಳದು ಇರುವುದಿಲ್ಲ.

ಇನ್ನೊಂದು ವಿಷಯ. ಅಪ್ಪನ ಫೋಟೋ ಏರಿಸುವವರು ಫೈಲಿಗೆ ಇಡುವ ಹೆಸರು 'ಅಪ್ಪ'. ಇಡೀ ತಾಲ್ಲೂಕೇ ಹಾಗೆ. ಮೊದಮೊದಲು ಅಂಜನ್ನನ ವೆಬ್‌ಸೈಟು ಹೇಗಿತ್ತೆಂದರೆ, ಅದೇ ಹೆಸರಿನ ಇನ್ನೊಂದು ಫೈಲು ಬಂದರೆ ಹಳೆಯದನ್ನು ಅಳಿಸಿ ಅದರ ಜಾಗದಲ್ಲಿ ಹೊಸದನ್ನು ಕೂರಿಸಿಬಿಡುತ್ತಿತ್ತು. ಹೊಸಕೋಟೆಯ ನರಸಿಂಹಯ್ಯನವರ ಮಕ್ಕಳು ಅವರಪ್ಪನ ಫೋಟೋ ಏರಿಸಿದರು. ಮರುಗಳಿಗೆಯಲ್ಲಿ ಯಾರೋ ಇನ್ನೊಬ್ಬರು ಅವರಪ್ಪನನ್ನು ಏರಿಸಿದರು. ಬೋಳು ತಲೆಯ ನರಸಿಂಹಯ್ಯನವರ ಹೆಸರಿನ ಮೇಲೆ ಗಡ್ಡದ ಮನುಷ್ಯನೊಬ್ಬ ಕೂತ. ಹೇಸಿಗೆಯ ಮಾತು ಅದಲ್ಲ. ಆ ಗಡ್ಡದವನನ್ನು ಪರದೆಯ ಮೇಲೆ ನೋಡಿ, ಮೂರೂ ಜನ ಮಕ್ಕಳು ಒಪ್ಪಿಗೆ ಒತ್ತಿದ್ದರು! ಪ್ರಮೋದಾ ಹಿಡಿಯದೆ ಹೋಗಿದ್ದರೆ ಆ ಕಲ್ಲಿಗೇ ಎಡೆ ಇಟ್ಟು ಕೈಮುಗಿಯುತ್ತಿದ್ದರು.

ಅಂಜನ್ ಬಂದು ಒಂದೊಂದು ಆರ್ಡರಿಗೂ ಬೇರೆ ಬೇರೆ ಗೂಡು ಮಾಡಿಕೊಟ್ಟ. ಒಬ್ಬರ ಅಪ್ಪ ಇನ್ನೊಬ್ಬರ ಅಪ್ಪನ ಮೇಲೆ ಕೂರುವುದು ನಿಂತಿತು. ಆದರೆ ಒಂದೇ ಆರ್ಡರಿನ ಒಳಗೆ ಅದೇ ಹೆಸರಿನಲ್ಲಿ ಆಮೇಲೆ ಬಂದ ಫೋಟೋ ಮುಂಚಿನದನ್ನು ಅಳಿಸುವುದು ಹಾಗೇ ಉಳಿಯಿತು. ಒಪ್ಪಿಗೆ ಕೊಟ್ಟಮೇಲೂ ಅಳಿಸಬಹುದಿತ್ತು. "ಅದಕ್ಕೆ ಬೀಗ ಹಾಕ್ಬೇಕಾದ್ರೆ ಬೇರೆ ಚಾರ್ಜ್ ಆಗುತ್ತೆ ಅಣ್ಣ," ಅಂದ. ಬೇಡ ಹೋಗಯ್ಯ ಅಂದೆ.

ಹೀಗಿರುವಾಗ ಪಿಳ್ಳಪ್ಪ ತೀರಿಕೊಂಡ.

ಪಿಳ್ಳಪ್ಪ ದನದ ದಲ್ಲಾಳಿ. ಆವತಿ ಹತ್ತಿರದ ಹಳ್ಳಿಯವನು. ದೊಡ್ಡಬಳ್ಳಾಪುರ, ಘಾಟಿ, ತ್ಯಾಮಗೊಂಡ್ಲು, ಎಲ್ಲಿ ಎತ್ತು ಕೈ ಬದಲಾದರೂ ಅಲ್ಲಿ ಅವನ ಟವಲು ಇರುತ್ತಿತ್ತು. ಮಾರುವವನ ಕೈ, ಕೊಳ್ಳುವವನ ಕೈ ಎರಡನ್ನೂ ಟವಲಿನ ಕೆಳಗೆ ತಂದು, ಬೆರಳು ಹಿಡಿದು ಬಿಟ್ಟು ಹಿಡಿದು, ಬಾಯಲ್ಲಿ ಮಾತ್ರ ಮಳೆ, ಬೀಗರು, ಬಸ್ಸಿನ ಸಮಾಚಾರ ಮಾತಾಡುತ್ತಾ ವ್ಯಾಪಾರ ಕುದುರಿಸುತ್ತಿದ್ದ. ಸುತ್ತ ನಿಂತ ಹತ್ತು ಜನರಿಗೆ ರೇಟು ತಿಳಿಯುತ್ತಿರಲಿಲ್ಲ. ನಮ್ಮಪ್ಪ ಕಲ್ಲು ಸಾಗಿಸುತ್ತಿದ್ದ ಗಾಡಿಗೆ ಎತ್ತು ಕೊಡಿಸಿದ್ದೂ ಅವನೇ. ಕೊಡಿಸುವಾಗ ಎತ್ತಿನ ಯಜಮಾನನ ಎದುರಿಗೇ, "ಇದರ ಹಿಂಗಾಲು ನೋಡ್ಕೊ. ಇಳಿಜಾರಲ್ಲಿ ಕುಂಟುತ್ತೆ. ಏರಿನಲ್ಲಿ ಮಾತ್ರ ರಾಕ್ಷಸ," ಅಂದಿದ್ದ. ಯಜಮಾನ ಹಲ್ಲು ಕಡಿದ. ಆಮೇಲೆ ನಾನು ಕೇಳಿದೆ, ದೋಷ ಯಾಕೆ ಹೇಳ್ತೀಯ ಮಾರಾಯ ಅಂತ.

"ಲೇ, ಒಂದು ದೋಷ ನಾನೇ ಹೇಳ್ಬಿಟ್ರೆ ಆಮೇಲೆ ನಾನು ಹೇಳೋ ಹತ್ತು ಗುಣಾನೂ ನಂಬ್ತಾರೆ ಕಣೋ."

ನಾನು ವ್ಯಾಪಾರ ಕಲಿತದ್ದು ಆ ಮಾತಿನಿಂದ. ಅವನ ಮುಂದಿನ ಒಂದು ಹಲ್ಲು ಹೋರಿಯೊಂದರ ಕೊಂಬಿಗೆ ಹೋಗಿತ್ತು. ಕಿವಿಯಲ್ಲಿ ಚಿನ್ನದ ಕಡಕು. ಒಂದು ಭುಜ ಇನ್ನೊಂದಕ್ಕಿಂತ ಸ್ವಲ್ಪ ಕೆಳಗೆ. ನಕ್ಕರೆ ಹಲ್ಲಿನ ಸಂದಿಯಲ್ಲಿ ಸಿಳ್ಳೆಯಂಥ ಸದ್ದು ಬರುತ್ತಿತ್ತು. ಮನೆಯಲ್ಲಿ ಅವನ ಹೆಂಡತಿ ಅಮ್ಮಯಮ್ಮ. ಮಾರಾಟಕ್ಕೆ ಮುಂಚೆ ದನಗಳಿಗೆ ಬೂಸಾ ಕಲಸಿ, ಮೈ ತೊಳೆದು, ಕೊಂಬು ಹೆರೆದು ಸಿದ್ಧ ಮಾಡುತ್ತಿದ್ದವಳು. ಗಂಡ ಹೆಂಡತಿ ಸೇರಿ ಸಂಪಾದಿಸಿದ ದುಡ್ಡಲ್ಲಿ ಪಿಳ್ಳಪ್ಪ ಯಾರೂ ಕೇಳದ ಕಲ್ಲುಭೂಮಿ ಕೊಂಡ. ಆಮೇಲೆ ವಿಮಾನ ನಿಲ್ದಾಣ ಬಂತು. ಕಲ್ಲುಭೂಮಿಗೆ ಏನಾಯಿತೆಂದು ನಾನು ಹೇಳಬೇಕಾಗಿಲ್ಲ.

ದೊಡ್ಡ ಮಗ ವೇಣುಗೋಪಾಲ್ ಆ ಭೂಮಿಯನ್ನು ಲೇಔಟ್ ಮಾಡಿ ಸೈಟು ಮಾರುತ್ತಾನೆ. ಚಿಕ್ಕವನು ಆನಂದ್ ಅಣ್ಣನ ಜೊತೆ ಬಿಳಿ ಕಾರಿನಲ್ಲಿ ಓಡಾಡುತ್ತಾನೆ. ಹಬ್ಬಕ್ಕೊಂದು ಫ್ಲೆಕ್ಸಿನಲ್ಲಿ ಕೈಮುಗಿದು ನಿಲ್ಲುತ್ತಾನೆ. ಇಬ್ಬರಿಗೂ ಅಪ್ಪ ದನದ ದಲ್ಲಾಳಿ ಎಂಬುದು ನುಂಗಲಾಗದ ತುತ್ತು. ಹಾಗಂತ ಇವರೇನು? ಅಪ್ಪ ದನ ಕೈ ಬದಲಾಯಿಸಿದ, ಇವರು ನೆಲ ಕೈ ಬದಲಾಯಿಸುತ್ತಾರೆ. ಅಪ್ಪ ಎತ್ತಿನ ಬಾಯಿ ಬಿಡಿಸಿ ಹಲ್ಲು ತೋರಿಸುತ್ತಿದ್ದ. ಈ ಮಕ್ಕಳು ಸೈಟಿನ ಕೆಳಗೆ ರಾಜಕಾಲುವೆ ಹರಿಯುತ್ತದೆಂದು ಇವತ್ತಿನವರೆಗೂ ಯಾರಿಗಾದರೂ ಹೇಳಿದ್ದಾರೆಯೇ ಕೇಳಿ ನೋಡಿ.

ಪಿಳ್ಳಪ್ಪನನ್ನು ಅವನ ನೆಲದಲ್ಲೇ ಮಣ್ಣು ಮಾಡಿದರು, ಲೇಔಟಿನ ಒಂದು ಅಂಚಿನಲ್ಲಿ. ಹಾಲು ತುಪ್ಪ ಬಿಟ್ಟ ದಿನವೇ ವೇಣುಗೋಪಾಲ್ ಆರ್ಡರ್ ಹಾಕಿದ. ತಿಥಿಗೆ ಕಲ್ಲು ನಿಲ್ಲಬೇಕು. ಅಪ್‌ಲೋಡ್ ಆಗಿ ಬಂದ ಫೋಟೋ ನೋಡಿ ಪ್ರಮೋದಾ ನನ್ನನ್ನು ಕೂಗಿದಳು.

"ಅಣ್ಣ, ಇವರು ಯಾರು ಹೇಳಿ ನೋಡೋಣ."

ಬಿಳಿ ಅಂಗಿ, ಗರಿಗರಿ ಕಾಲರ್, ಕೊರಳಲ್ಲಿ ಹಗ್ಗದಷ್ಟು ದಪ್ಪ ಚಿನ್ನದ ಸರ, ಹೆಗಲ ಮೇಲೆ ಜರಿ ಶಲ್ಯ. ಎರಡು ಭುಜವೂ ಸಮ. ಕಿವಿಯ ಕಡಕು ಮಾಯ. ಬಾಯಿ ತುಂಬ ಹಲ್ಲು. ಕತ್ತಿನಿಂದ ಮೇಲೆ ಎಲ್ಲೋ ಸ್ವಲ್ಪ ಪಿಳ್ಳಪ್ಪನಿದ್ದ.

"ಕತ್ತಿನ ಕೆಳಗಿನ ಮೈ ಸ್ಟುಡಿಯೋದವರದು, ಎಲ್ಲರಿಗೂ ಇದೇ ಅಂಟಿಸ್ತಾರೆ. ಹೋದ ತಿಂಗಳು ನೆಲಮಂಗಲದವರಿಗೂ ಇದೇ ಶಲ್ಯ ಇತ್ತು," ಅಂದಳು ಪ್ರಮೋದಾ. "ಹಲ್ಲು ಮಾತ್ರ ಪೇಸ್ಟಿನ ಜಾಹೀರಾತಿನದು ಅನ್ಸುತ್ತೆ."

ಕೆಳಗಿನ ಸಾಲು: 'ಪ್ರಗತಿಪರ ಕೃಷಿಕರು, ಸಮಾಜ ಸೇವಕರು, ಕೊಡುಗೈ ದಾನಿಗಳು.'

ಸಂಜೆಯೊಳಗೆ ಆ ಫೋಟೋ ಮಾಯವಾಗಿ ಅದೇ ಗೂಡಿನಲ್ಲಿ ಇನ್ನೊಂದು ಕೂತಿತ್ತು. ಅಣ್ಣ ಕಳಿಸಿದ ಲಿಂಕಿನಿಂದ ಆನಂದ್ ಏರಿಸಿದ 'ಅಪ್ಪ'. ಇದರಲ್ಲಿ ಪಿಳ್ಳಪ್ಪ ಕೋಟು ಹಾಕಿಕೊಂಡು ಕೈ ಬೀಸುತ್ತಿದ್ದ. ಕೆಳಗಿನ ಮೂಲೆಯಲ್ಲಿ ದುಂಡಗಿನ ಚೌಕಟ್ಟಿನೊಳಗೆ ಆನಂದ್ ಕೈಮುಗಿದಿದ್ದ. ಸಮಾಧಿ ಕಲ್ಲಿನ ಮೇಲೂ ಫ್ಲೆಕ್ಸಿನ ಚಟ! ಅಣ್ಣ ಫೋನ್ ಮಾಡಿ ನನ್ನನ್ನು ಬೈದ, ನಾನು ನಿಮ್ಮ ತಮ್ಮನನ್ನು ಕೇಳಿ ಅಂದೆ. ಇಬ್ಬರೂ ಏನು ಕಿತ್ತಾಡಿಕೊಂಡರೋ, ಕೊನೆಗೆ ಬಿಳಿ ಅಂಗಿಯೇ ಗೆದ್ದು, ಒಪ್ಪಿಗೆ ಬಿತ್ತು.

"ಸೈಟು ನೋಡೋಕೆ ಬರೋರು ದೊಡ್ಡ ದೊಡ್ಡ ಕಂಪನಿಯೋರು ಅಣ್ಣ," ಅಂದ ವೇಣುಗೋಪಾಲ್. "ಸಮಾಧಿ ದಾರಿ ಪಕ್ಕಾನೇ ಕಾಣುತ್ತೆ. ಒಂದು ಲುಕ್ ಇರಬೇಕು."

ಅಪ್ಪ ಸತ್ತು ವಾರ ಆಗಿಲ್ಲ, ಲುಕ್ಕಂತೆ.

ತಿಥಿಗೆ ಇನ್ನೆರಡು ದಿನ ಇತ್ತು. ಕಲ್ಲು ಮೆಷೀನಿಗೆ ಏರಿಸುವುದೊಂದು ಬಾಕಿ. ಅಷ್ಟರಲ್ಲಿ ಆಟೋ ಒಂದು ಬಂದು ನಿಂತಿತು. ಅಮ್ಮಯಮ್ಮ ಇಳಿದಳು. ಕಂಕುಳಲ್ಲಿ ಟವಲು ಸುತ್ತಿದ ಏನೋ ಒಂದು.

"ಏನಪ್ಪಾ, ನನ್ನ ಗಂಡನ ಕಲ್ಲು ನಿನ್ನ ಹತ್ರ ಆಗ್ತಾ ಇದೆಯಂತೆ?"

"ಹೌದಕ್ಕ. ಕೂತ್ಕೊಳಿ, ಕಾಫಿ ತರಿಸ್ತೀನಿ."

"ಕಾಫಿ ಕುಡಿಯೋಕೆ ಬರ್ಲಿಲ್ಲ. ಆ ಬೊಂಬೇನ ಇನ್ನೊಂದ್ಸಲ ತೋರ್ಸು. ಮನೇಲಿ ಎಲ್ಲರ ಫೋನಲ್ಲೂ ಓಡಾಡ್ತಾ ಇದೆ. ನಂಗೆ ಸರಿಯಾಗಿ ಕಾಣ್ಲಿಲ್ಲ."

ಪ್ರಮೋದಾ ಪರದೆ ತಿರುಗಿಸಿದಳು. ಅಮ್ಮಯಮ್ಮ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದಳು.

"ಈ ಅಂಗಿ ಯಾರದು?"

"ಕಂಪ್ಯೂಟರಿನದು ಅಜ್ಜಿ."

"ಕಂಪ್ಯೂಟರು ಅಂಗಿ ಹಾಕ್ಕೊಳುತ್ತಾ? ಹೋಗ್ಲಿ, ಹಲ್ಲು?"

ಪ್ರಮೋದಾ ಹಲ್ಲಿನ ಜಾಗವನ್ನು ಪರದೆಯ ಮೇಲೆ ದೊಡ್ಡದು ಮಾಡಿ ತೋರಿಸಿದಳು.

"ಆ ಸಂದೀಲಿ ಗಾಳಿ ಸೋರೋ ಮಾತು ಕೇಳ್ಕೊಂಡೇ ಸಂಸಾರ ಮಾಡಿದೀನಿ," ಅಂದಳು ಅಮ್ಮಯಮ್ಮ. "ಬದುಕಿದ್ದಾಗ, ನಿಮ್ಮಪ್ಪಂಗೆ ರೊಟ್ಟಿ ಅಗಿಯೋಕಾಗಲ್ಲ, ಹಲ್ಲಿನ ಡಾಕ್ಟ್ರ ಹತ್ರ ಕರ್ಕೊಂಡ್ಹೋಗ್ರೋ ಅಂದ್ರೆ ಇಬ್ರಿಗೂ ಪುರಸೊತ್ತಿರ್ಲಿಲ್ಲ. ಈಗ ಸತ್ತ ಮೇಲೆ ಕಟ್ಸಿದಾರೆ. ಪೂರ್ತಿ ಸೆಟ್ಟು."

"ಮಕ್ಕಳಿಗೆ ಹೇಳ್ಬೇಕಿತ್ತಕ್ಕ."

"ಹೇಳ್ದೆ ಇರ್ತೀನಾ? ನಿಂಗೆ ತಿಳಿಯಲ್ಲ ಸುಮ್ನಿರಮ್ಮ ಅಂದ್ರು. ನಂಗೆ ತಿಳಿಯಲ್ವಂತೆ, ನನ್ನ ಗಂಡ ಹೇಗಿದ್ದ ಅಂತ." ಅವಳು ಪರದೆಯ ಕಡೆ ಗದ್ದ ಎತ್ತಿದಳು. "ನಾಳೆ ನಾನು ಸತ್ರೆ ಪಕ್ಕದಲ್ಲೇ ಹೂಳ್ತಾರೆ. ಗುರುತು ಪರಿಚಯ ಇಲ್ದೇ ಇರೋ ಗಂಡಸಿನ ಪಕ್ಕ ಹೋಗಿ ಮಲಗಲಾ? ನೀನೇ ಹೇಳಪ್ಪ."

ಅಷ್ಟು ಹೊತ್ತಿಗೆ ಟವಲು ಬಿಚ್ಚಿದ್ದಳು. ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದ್ದ ಫೋಟೋ. ಯಾವುದೋ ಸಂತೆಯಲ್ಲಿ ಪೇಪರಿನವರು ತೆಗೆದು ಕೊಟ್ಟದ್ದಂತೆ. ಪಿಳ್ಳಪ್ಪನ ಮುಂಗೈ ಮೇಲೆ ಟವಲು. ಕೆಳಗಿರುವ ಕೈ ಕಾಣುವುದಿಲ್ಲ. ಒಂದು ಭುಜ ಜಾರಿದೆ. ತಲೆ ಹಿಂದಕ್ಕೆ ಚೆಲ್ಲಿ ನಗುತ್ತಿದ್ದಾನೆ, ಹಲ್ಲಿನ ಸಂದಿ ಬಾಗಿಲಿನ ಹಾಗೆ ತೆರೆದಿದೆ. ಪಕ್ಕದಲ್ಲಿ ಎತ್ತೊಂದರ ಅರ್ಧ ಮುಖ, ಅದಕ್ಕೂ ನಗು ಬಂದ ಹಾಗಿದೆ.

"ಇದನ್ನ ಹಾಕು," ಅಂದಳು.

ಒಪ್ಪಿಗೆ ಕೊಟ್ಟ ಮೇಲೆ ಬದಲಾವಣೆ ಇಲ್ಲ. ಹಾಗಂತ ಗೋಡೆಯ ಮೇಲೆ ನಾನೇ ಬರೆಸಿದ್ದೇನೆ. ದುಡ್ಡು ಕೊಟ್ಟವನು ವೇಣುಗೋಪಾಲ್. ನಾನು ವ್ಯಾಪಾರಿ, ದುಡ್ಡು ಕೊಟ್ಟವನ ಮಾತೇ ಮಾತು. ಇದನ್ನೆಲ್ಲ ಅಮ್ಮಯಮ್ಮನಿಗೆ ಹೇಳಲು ಬಾಯಿ ತೆರೆದೆ. ಬಿಳಿ ಅಂಗಿಯವನು ಪರದೆಯಿಂದ ಯಾರದೋ ಹಲ್ಲು ಕಿರಿಯುತ್ತಾ ನನ್ನನ್ನೇ ನೋಡುತ್ತಿದ್ದ. ನಾನು ಪ್ರಮೋದಾ ಕಡೆ ತಿರುಗಿದೆ.

"ಪ್ರಮೋದಾ, ಆ ಆರ್ಡರಿಗೆ ಅಂಜನ್ ಬೀಗ ಹಾಕಿದಾನಾ?"

"ಬೇರೆ ಚಾರ್ಜ್ ಅಂದಿದ್ಕೆ ನೀವೇ ಬೇಡ ಅಂದ್ರಲ್ಲ ಅಣ್ಣ."

"ಹಾಗಾದ್ರೆ ಇನ್ನೊಂದು ಫೋಟೋ ಏರಿಸಿದ್ರೆ ಹಳೇದು ಹೋಗುತ್ತೆ."

"ಹೆಸರು ಅದೇ ಇದ್ರೆ ಹೋಗುತ್ತೆ. ಏನಂತ ಇಡ್ಲಿ?"

"ಅವರ ಮಕ್ಕಳು ಏನಂತ ಇಟ್ಟಿದಾರೋ ಅದನ್ನೇ ಇಡಮ್ಮ."

ಪ್ರಮೋದಾ ಗಾಜಿನ ಮೇಲಿನ ಧೂಳನ್ನು ದುಪಟ್ಟಾದಲ್ಲಿ ಒರೆಸಿ, ಬೆಳಕಿಗೆ ಹಿಡಿದು ಫೋಟೋ ತೆಗೆದಳು. ಅಪ್‌ಲೋಡ್ ಆಯಿತು. ಬಿಳಿ ಅಂಗಿ ಹೋಯಿತು. ಎತ್ತಿನ ಮುಖ ಬಿಡಬೇಕಾ ಇಡಬೇಕಾ ಅಂದಳು. ಅಮ್ಮಯಮ್ಮ, "ಇರ್ಲಿ ಬಿಡವ್ವ. ಅದಕ್ಕೂ ನಾನೇ ಬೂಸಾ ಕಲಸಿದ್ದು," ಅಂದಳು. ಕೆಳಗಿನ ಅಕ್ಷರದ ಗೊಡವೆಗೆ ನಾವು ಹೋಗಲಿಲ್ಲ. ಓದಿ ಹೇಳಿದಾಗ ಮಾತ್ರ ಅಮ್ಮಯಮ್ಮ 'ಕೊಡುಗೈ ದಾನಿ' ಅನ್ನುವಲ್ಲಿ ತಡೆದು, "ಯಾರಿಗೆ ಕೊಟ್ಟಿದ್ನಂತೆ?" ಎಂದು ಕೇಳಿದಳು.

ತಿಥಿಯ ಹಿಂದಿನ ಸಂಜೆ ಟೆಂಪೋದಲ್ಲಿ ಕಲ್ಲು ಕಳಿಸಿ, ನಾನೂ ಹಿಂದೆಯೇ ಹೋದೆ. ಸಮಾಧಿಯ ಸುತ್ತ ಆಗಲೇ ಶಾಮಿಯಾನ ಎದ್ದಿತ್ತು. ನಮ್ಮವರು ಕಲ್ಲು ನಿಲ್ಲಿಸಿ, ಸಿಮೆಂಟು ತುಂಬಿ, ಗೋಣಿಚೀಲ ಸರಿಸಿದರು.

ಆನಂದ್ ಮೊದಲು ನೋಡಿದ. "ಏನ್ ಗುರು ಇದು? ಯಾರಿದು?"

ಬುದ್ಧಿವಂತನಾಗಿದ್ದರೆ ಆ ಪ್ರಶ್ನೆ ಕೇಳುತ್ತಿರಲಿಲ್ಲ. ಅವನ ತಾಯಿ ಎದುರಿಗೇ ನಿಂತಿದ್ದಳು.

ವೇಣುಗೋಪಾಲ್ ಮುಂದೆ ಬಂದ. ಎತ್ತನ್ನು ನೋಡಿದ, ಟವಲನ್ನು ನೋಡಿದ, ಹಲ್ಲಿನ ಸಂದಿ ನೋಡಿ ಮುಖ ತಿರುಗಿಸಿದ. "ಇದು ನಮ್ಮಪ್ಪ ಅಲ್ಲ ಅಣ್ಣ," ಅಂದ ನನಗೆ. "ನಾವು ಕಳಿಸಿದ್ದು ಇದಲ್ಲ. ಇದನ್ನ ಕೀಳ್ಸಿ."

"ವೆಬ್‌ಸೈಟಲ್ಲಿ 'ಅಪ್ಪ' ಅಂತ ಯಾವುದಿತ್ತೋ ಅದನ್ನೇ ಕೆತ್ತಿರೋದು," ಅಂದೆ. "ಒಪ್ಪಿಗೆ ನಿಮ್ಮದೇ ಇದೆ."

"ಕೀಳ್ಸಿ ಅಂದೆ!"

"ಯಾರಲ್ಲ ಅಂದೆ ಮಗಾ?" ಅಮ್ಮಯಮ್ಮ ಕೇಳಿದಳು. ಕೂಗಲಿಲ್ಲ. "ಇನ್ನೊಂದ್ಸಲ ಹೇಳು. ನಂಗೆ ಸರಿಯಾಗಿ ಕೇಳಿಸ್ಲಿಲ್ಲ."

ಅವನಿಗೆ ಹೇಳಲು ಹೊತ್ತಿರಲಿಲ್ಲ. ಸಂತೆಯ ಹಳೆಯ ದಲ್ಲಾಳಿಗಳು ನಾಲ್ಕೈದು ಜನ ಶಾಮಿಯಾನದೊಳಗೆ ಬಂದಿದ್ದರು. ಅವರಲ್ಲಿ ಹಿರಿಯನಾದ ದೊಡ್ಡಮುನಿಯಪ್ಪ ಕಲ್ಲಿನ ಮುಂದೆ ನಿಂತು, "ಅಯ್ಯೋ ಇವ್ನಾ, ಸತ್ರೂ ನಗ್ತಾ ಇದಾನಲ್ರೋ! ಯಾವನಿಗೆ ತಗಲ್ಹಾಕ್ತಾ ಇದೀಯೋ ಪಿಳ್ಳ?" ಅಂದು ಕಲ್ಲಿನ ಕೆನ್ನೆ ಸವರಿ, ಹಾಗೇ ಕುಸಿದು ಕೂತು ಅತ್ತ. ಉಳಿದವರೂ ಟವಲಿನ ತುದಿಯಿಂದ ಕಣ್ಣೊರೆಸಿಕೊಂಡರು. ಅಷ್ಟು ಜನರ ಎದುರಿಗೆ ಕಲ್ಲು ಕೀಳಿಸುವ ಧೈರ್ಯ ಮಕ್ಕಳಿಗೆ ಬರಲಿಲ್ಲ. ತಿಥಿ ಮುಗಿಯಲಿ, ಆಮೇಲೆ ನೋಡಿಕೊಳ್ಳುತ್ತೇನೆ ಎಂದು ವೇಣುಗೋಪಾಲ್ ನನ್ನ ಕಿವಿಯಲ್ಲಿ ಹಲ್ಲು ಕಡಿದ.

ಮಾರನೆಯ ದಿನ ಊಟಕ್ಕೆ ಮುಖಂಡರೊಬ್ಬರು ಬಂದರು. ಹೆಸರು ಬೇಡ, ಎಲ್ಲ ತಿಥಿಗೂ ಬರುವವರೇ. ಕಲ್ಲಿಗೆ ಹೂವಿನ ಹಾರ ಹಾಕಿ, ಹಿಂದಕ್ಕೆ ಸರಿದು ನೋಡಿ, "ಆಹಾ! ಎಂಥ ನಗು ವೇಣು! ಈಗಿನೋರು ಎಲ್ಲರದ್ದೂ ಒಂದೇ ಥರ ಕೋಟು ಸೂಟು ಹಾಕಿಸ್ಬಿಡ್ತಾರೆ. ಇದು ನೋಡಪ್ಪ, ಮಣ್ಣಿನ ಮನುಷ್ಯ," ಅಂದರು.

ವೇಣುಗೋಪಾಲ್ ತಲೆ ಬಗ್ಗಿಸಿ ಹೇಳಿದ: "ಅಪ್ಪ ಹೇಗಿದ್ರೋ ಹಾಗೇ ಇರ್ಲಿ ಅಂತ ನಾವೇ ಹುಡುಕಿ ಅಪ್‌ಲೋಡ್ ಮಾಡಿದ್ವಿ ಸಾರ್."

ನನ್ನ ಎಲೆಯಲ್ಲಿ ಪಾಯಸ ಹಾಗೇ ಉಳಿಯಿತು. ಪಕ್ಕದಲ್ಲಿ ಆನಂದ್ ಆಗಲೇ ಕಲ್ಲಿನ ಜೊತೆ ಸೆಲ್ಫಿ ತೆಗೆದುಕೊಳ್ಳುತ್ತಿದ್ದ, ಎತ್ತಿನ ಮುಖವೂ ಬರುವ ಹಾಗೆ. ಕೀಳಿಸುವ ಮಾತು ಅಲ್ಲಿಗೆ ಮುಗಿಯಿತು.

ಆದರೆ ಬಿಳಿ ಅಂಗಿಯವನೂ ಸುಮ್ಮನೆ ಹೋಗಲಿಲ್ಲ. ತಿಂಗಳೊಳಗೆ ವೇಣುಗೋಪಾಲ್ ಲೇಔಟಿನ ಬಾಗಿಲಿಗೆ ದೊಡ್ಡ ಕಮಾನು ಕಟ್ಟಿಸಿ, ಅದರ ಕಂಬಕ್ಕೆ ಇನ್ನೊಂದು ಕಲ್ಲಿನ ಆರ್ಡರ್ ಹಾಕಿದ. ಅದೇ ಫೋಟೋ, ಅದೇ ಶಲ್ಯ, ಅದೇ ಹಲ್ಲು. ಅದನ್ನೂ ನಮ್ಮ ಅಂಗಡಿಯಲ್ಲೇ ಕೆತ್ತಿದೆವು. ಬಂದ ವ್ಯಾಪಾರ ಬಿಡಲು ನಾನೇನು ಸನ್ಯಾಸಿಯೇ? ಈ ಸಲ ಅಂಜನ್ನನನ್ನು ಕರೆಸಿ, ಕೇಳಿದ್ದು ಕೊಟ್ಟು, ಒಪ್ಪಿಗೆಗೆ ಬೀಗವನ್ನೂ ಹಾಕಿಸಿದ್ದೆ.

ಮೊನ್ನೆ ಆ ಕಡೆ ಹೋದಾಗ ಅಮ್ಮಯಮ್ಮ ಸಿಕ್ಕಳು. ದಿನಾ ಕಮಾನಿನ ಕೆಳಗೇ ಹಾದು ಸಮಾಧಿಗೆ ಹೋಗುತ್ತಾಳೆ, ಒಂದು ಹಿಡಿ ಹೂವು ಇಟ್ಟು ಬರುತ್ತಾಳೆ. ಕಾರಿನಲ್ಲಿ ಸೈಟು ನೋಡಲು ಬಂದವರ್ಯಾರೋ ಅವಳನ್ನು ನಿಲ್ಲಿಸಿ, ಕಂಬದ ಮೇಲಿರುವವರು ಯಾರಜ್ಜಿ ಎಂದು ಕೇಳಿದರಂತೆ.

"ಏನಂದ್ರಿ ಅಕ್ಕ?"

"ನಮ್ಮ ಹುಡುಗರ ಅಪ್ಪ ಅಂತೆ ಅಂದೆ," ಎಂದಳು ಅಮ್ಮಯಮ್ಮ. "ನಂಗೆ ಪರಿಚಯ ಇಲ್ಲ."